ಅರವತ್ತು ಡಿಗ್ರಿಯ ಲೀಟರು

ಜಕಾತಿ ತಪ್ಪಿಸಲು ಮುಂಬಯಿಯ ಗಡಿಯಾಚೆ ಭಿವಂಡಿಯಲ್ಲಿ ಬೀಡುಬಿಟ್ಟ ವ್ಯಾಪಾರ, 2017ರಲ್ಲಿ ಜಿಎಸ್‌ಟಿ ಬಂದು ಜಕಾತಿಯೇ ಸತ್ತರೂ ಜಾಗ ಖಾಲಿ ಮಾಡಲಿಲ್ಲ. ಮಾಣಕೋಲಿ, ಕಾಲ್ಹೇರ್, ಪೂರ್ಣಾ ಎಲ್ಲೆಲ್ಲೂ ಗೋದಾಮುಗಳೇ. ಹೊಳೆಯಾಚೆಯ ಡೊಂಬಿವಲಿಯ ನಮ್ಮವರು ಫೋನ್ ಒತ್ತಿದರೆ ಅಳತೆಯ ಕಪ್ಪು, ಚಮಚದ ಗೊಂಚಲು, ಡಿಜಿಟಲ್ ತಕ್ಕಡಿ ಸೇತುವೆ ದಾಟಿ ಬಾಗಿಲಿಗೇ ಬರುತ್ತವೆ.

ಬಂದ ಮೇಲೆ ಶುರು ಸಂಕಟ. ಅಮೆರಿಕದ ಕಪ್ಪು 240 ಮಿಲಿ, ಆಸ್ಟ್ರೇಲಿಯಾದ್ದು 250, ಜಪಾನಿನ ರೈಸ್ ಕುಕ್ಕರಿನದು 180. ಪಕ್ಕದ ಮನೆಯ ವಹಿನಿಯ 'ವಾಟಿ' ಎಂಬ ಬಟ್ಟಲು ಅವರ ಮದುವೆಯಲ್ಲಿ ಬಂದದ್ದು, ಅದರ ಮಿಲಿ ದೇವರಿಗೇ ಗೊತ್ತು. ಮೈದಾವನ್ನು ಜರಡಿ ಹಿಡಿದು ಸುರಿದರೆ ಕಪ್ಪಿಗೆ 115 ಗ್ರಾಂ ಆಸುಪಾಸು, ಒತ್ತಿ ತುಂಬಿದರೆ 150 ದಾಟೀತು. ಕೇಕು ಕಲ್ಲಾದರೆ ಯೂಟ್ಯೂಬಿನವರು ಹೊಣೆಯಲ್ಲ.

1962ರ ಏಪ್ರಿಲ್‌ನಿಂದ ದೇಶಕ್ಕೆಲ್ಲ ಮೆಟ್ರಿಕ್ ತೂಕ ಕಡ್ಡಾಯವಾಯಿತು. ನಮ್ಮ ಅಜ್ಜಿಯರು ಆ ಕಾಯಿದೆಯನ್ನು ಅಡುಗೆಮನೆಯ ಹೊಸಿಲಲ್ಲೇ ನಿಲ್ಲಿಸಿದರು. ಒಂದು ಪಾವು ಉದ್ದಿಗೆ ಮೂರು ಪಾವು ಅಕ್ಕಿ. ಪಾವು ಬೆಳ್ಳಿಯದೋ, ತುಕ್ಕು ಹಿಡಿದ ಡಾಲ್ಡಾ ಡಬ್ಬಿಯೋ, ಎರಡಕ್ಕೂ ಅದೇ ಆದರೆ ಸಾಕು, ಇಡ್ಲಿ ಉಬ್ಬುತ್ತದೆ.

ಆದರೆ ಎಣ್ಣೆ ಕಂಪನಿಗಳ ಮುಂದೆ ಅಜ್ಜಿಯರು ಏನೂ ಅಲ್ಲ. ಎಣ್ಣೆ ಕಾದರೆ ಹಿಗ್ಗುತ್ತದೆ ಎಂದು ಅಜ್ಜಿಗೂ ಗೊತ್ತಿತ್ತು. ಹಿಗ್ಗಿದ್ದನ್ನು ಮಾರಬಹುದು ಎಂದು ಮಾತ್ರ ಹೊಳೆದಿರಲಿಲ್ಲ. ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆಯೇ 2022ರ ಆಗಸ್ಟ್‌ನಲ್ಲಿ ಬಿಡಿಸಿ ಹೇಳಿತು: ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿಯಲ್ಲಿ 919 ಗ್ರಾಂ, 60 ಡಿಗ್ರಿಯಲ್ಲಿ 892.6 ಗ್ರಾಂ. ಕೆಲವು ಕಂಪನಿಗಳು ಪ್ಯಾಕೆಟ್ಟಿನ ಮೇಲೆ '1 ಲೀಟರ್' ಎಂದು ದಪ್ಪಕ್ಷರದಲ್ಲಿ ಹಾಕಿ, ಪಕ್ಕದಲ್ಲಿ ಇರುವೆ ಸಾಲಿನಂತೆ '60 ಡಿಗ್ರಿ ಸೆಲ್ಸಿಯಸ್‌ನಲ್ಲಿ' ಎಂದು ಸೇರಿಸುತ್ತಿದ್ದವು. ಸುಳ್ಳಲ್ಲ. ಪ್ಯಾಕೆಟ್ಟನ್ನು 60 ಡಿಗ್ರಿಗೆ ಕಾಯಿಸಿ ಅಳೆಯಿರಿ, ಲೀಟರು ತುಂಬುತ್ತದೆ. ಹಾಗೆ ಅಳೆಯದಿರುವುದು ಗ್ರಾಹಕರ ಸೋಮಾರಿತನ. ಕೈಬಿಟ್ಟ 26 ಗ್ರಾಂ ಎಂದರೆ ಸುಮಾರು ಎರಡು ದೊಡ್ಡ ಚಮಚ, ಒಂದು ಹೊತ್ತಿನ ಒಗ್ಗರಣೆ. ಲಕ್ಷ ಪ್ಯಾಕೆಟ್ಟಿಗೆ ಗುಣಿಸಿದರೆ ಎರಡೂವರೆ ಟನ್ನಿಗೂ ಮಿಕ್ಕ ಎಣ್ಣೆ ಬರೀ ಶಾಖದಿಂದ ಹುಟ್ಟುತ್ತದೆ. ಗಾಣವೂ ಬೇಡ, ಬೀಜವೂ ಬೇಡ.

ಕಂಪನಿಗಳ ಪರವಾಗಿಯೂ ಒಂದು ಮಾತು ಆಡಬೇಕು. ಮೇ ತಿಂಗಳ ನಡುಮಧ್ಯಾಹ್ನ ಭಿವಂಡಿಯ ತಗಡಿನ ಚಾವಣಿಯಡಿ ಮೂಟೆ ಹೊರುವವರನ್ನು ಕೇಳಿ, ಅರವತ್ತಲ್ಲ ಎಂಬತ್ತು ಎಂದರೂ ಒಪ್ಪುತ್ತಾರೆ.

ಇಲಾಖೆ ಕೆಂಡವಾಯಿತೇ? ಇಲ್ಲ, 'ಸಲಹೆ' ಕೊಟ್ಟಿತು. ಡಿಗ್ರಿಯ ಮಾತು ತೆಗೆಯಿರಿ, ಲೀಟರಿನ ಜೊತೆ ತೂಕವನ್ನೂ ಸರಿಯಾಗಿ ಬರೆಯಿರಿ, 2023ರ ಜನವರಿ 15ರೊಳಗೆ ತಿದ್ದಿಕೊಳ್ಳಿ ಎಂದಿತು. ನಾಲ್ಕೂವರೆ ತಿಂಗಳ ಗಡುವು! ಕಲ್ಯಾಣದ ಸಂತೆಯಲ್ಲಿ ತಕ್ಕಡಿಗೆ ಬೆರಳು ತಾಗಿಸಿದ ಸೊಪ್ಪಿನವಳಿಗೆ ನಾಲ್ಕೂವರೆ ನಿಮಿಷವನ್ನೂ ಯಾರೂ ಕೊಡುವುದಿಲ್ಲ.

ಎಣ್ಣೆಗೆ ಶಾಖವಾದರೆ ಐಸ್‌ಕ್ರೀಮಿಗೆ ಗಾಳಿ: ಅದನ್ನು ತುಂಬಿ ಉಬ್ಬಿಸಿ ಲೀಟರಿನ ಲೆಕ್ಕದಲ್ಲಿ ಮಾರುತ್ತಾರೆ. ಲೀಟರಿಗೆ ಕನಿಷ್ಠ 525 ಗ್ರಾಂ ತೂಗಿದರೆ ಕಾನೂನು ತೃಪ್ತ.

ಗ್ರಾಹಕರೂ ಈ ಶಾಸ್ತ್ರ ಕಲಿಯಬಹುದು. ನೂರು ರೂಪಾಯಿಯ ಸಾಮಾನು ಕೊಂಡು ತೊಂಬತ್ತೇಳು ಎಣಿಸಿಕೊಡಿ. ಅಂಗಡಿಯವ ಗುರಾಯಿಸಿದರೆ, "60 ಡಿಗ್ರಿಯಲ್ಲಿ ಇದು ನೂರೇ ಸೇಟ್, ಬೇಕಾದರೆ ಗ್ಯಾಸ್ ಮೇಲಿಟ್ಟು ನೋಡಿ" ಎನ್ನಿ. ಇಲಾಖೆಯ ಅಂಕಿಗೂ ಲೆಕ್ಕ ಸರಿಯಾಗಿ ತಾಳೆಯಾಗುತ್ತದೆ.