ಮೊದಲು ಕರೆಂಟಿನ ಲೆಕ್ಕ, ಆಮೇಲೆ ಗೇಮಿನ ಲೆಕ್ಕ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಪ್ರೀತಿಯ ತಮ್ಮಂದಿರೇ, ತಂಗಿಯರೇ,

ಪೈಸೆಗೆ ಪೈಸೆ ಕೂಡಿಸಿ ಗೇಮಿಂಗ್ ಕಂಪ್ಯೂಟರ್ ಕಟ್ಟಲು ಹೊರಟ ನಿಮಗಾಗಿ ಈ ಪತ್ರ. ಹುಬ್ಬಳ್ಳಿಯ ಬಸ್ಸು ಹತ್ತುವ ಮೊದಲು ಒಮ್ಮೆ ಓದಿಬಿಡಿ.

ಬಿಡಿಭಾಗಗಳ ಪಟ್ಟಿ ಮಾಡುವಾಗ ಎಲ್ಲರೂ ಗ್ರಾಫಿಕ್ಸ್ ಕಾರ್ಡಿನಿಂದ ಶುರು ಮಾಡುತ್ತಾರೆ. ನಾನೂ ಹಾಗೇ ಮಾಡಿದ್ದೆ. ಕಾರ್ಡಿಗೆ ದುಡ್ಡು ಸುರಿದು, ಕ್ಯಾಬಿನೆಟ್ ಜೊತೆಗೇ ಬರುವ ಹೆಸರಿಲ್ಲದ ಎಸ್‌ಎಂಪಿಎಸ್‌ಗೆ ಒಪ್ಪಿಕೊಂಡೆ. ಆಷಾಢದ ಒಂದು ಸಂಜೆ ಕರೆಂಟ್ ಹೋಗಿ ಬಂದ ಹೊಡೆತಕ್ಕೆ ಅದು ಸುಟ್ಟಿತು, ಮದರ್‌ಬೋರ್ಡನ್ನೂ ಸುಟ್ಟಿತು. ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ನಿಂತಿದೆ, ಕಾಳಿಯ ನೀರು ನಾಗಝರಿಯಲ್ಲಿ ವಿದ್ಯುತ್ತಾಗಿ ನಾಡಿಗೆಲ್ಲ ಹರಿಯುತ್ತದೆ. ಆದರೆ ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ಕತ್ತಲೆ ನಮ್ಮ ಮನೆಗೇ. ಆದ್ದರಿಂದ ನಮ್ಮ ಪಟ್ಟಿ ಎಸ್‌ಎಂಪಿಎಸ್‌ನಿಂದಲೇ ಶುರುವಾಗಬೇಕು.

ಹೆಸರಿರುವ ಕಂಪನಿಯ, 80 ಪ್ಲಸ್ ಬ್ರಾಂಜ್ ಗುರುತಿನ 550 ವ್ಯಾಟ್‌ನದನ್ನು ತೆಗೆದುಕೊಳ್ಳಿ. ಅದರ ಜೊತೆಗೆ ಯುಪಿಎಸ್. ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಸಿಡಿಲಿನ ಸದ್ದು ಕೇಳಿದರೆ ಪ್ಲಗ್ ಕಿತ್ತಿಡಿ. ಸಿಡಿಲಿಗೆ ಯುಪಿಎಸ್ಸೂ ತಡೆಯಲ್ಲ.

ಇಷ್ಟಾದ ಮೇಲೆ ಕಾರ್ಡಿಗೆ ದುಡ್ಡು ಉಳಿಯದಿದ್ದರೆ ಎದೆಗುಂದಬೇಡಿ. ಎಎಂಡಿಯ ರೈಜನ್ 5 5600ಜಿ 2021ರ ಪ್ರೊಸೆಸರ್. ಆರು ಕೋರ್, ಒಳಗೇ ಗ್ರಾಫಿಕ್ಸ್. ವ್ಯಾಲರಂಟ್‌ನಂಥ ಹಗುರ ಗೇಮುಗಳಿಗೆ ಧಾರಾಳ ಸಾಕು. ಆದರೆ 16 ಜಿಬಿಯ ಒಂದೇ ರ‍್ಯಾಮ್ ಹಾಕಬೇಡಿ, 8 ಜಿಬಿಯ ಎರಡು ಹಾಕಿ. ಒಳಗಿನ ಗ್ರಾಫಿಕ್ಸ್‌ಗೆ ತನ್ನದೇ ಮೆಮೊರಿ ಇಲ್ಲ, ಅದು ಬದುಕುವುದು ರ‍್ಯಾಮ್ ಮೇಲೆ. ಎರಡು ದಾರಿಯಿಂದ ಡೇಟಾ ಬಂದರೆ ಅದೇ ಚಿಪ್ ಎದ್ದು ಕಾಣುವಷ್ಟು ವೇಗವಾಗಿ ಓಡುತ್ತದೆ. ಹಾರ್ಡ್ ಡಿಸ್ಕ್ ಆಮೇಲೆ ನೋಡೋಣ, ಮೊದಲು ಎಸ್‌ಎಸ್‌ಡಿ.

ಮುಂದೆ ಕೈಯಲ್ಲಿ ಕಾಸು ಆಡಿದಾಗ ಕಾರ್ಡ್ ಸೇರಿಸಿ. ಆಗಲೂ ವ್ಯಾಟ್ ಲೆಕ್ಕ ಮರೆಯಬೇಡಿ. ಜಿಟಿಎಕ್ಸ್ 1650ಕ್ಕೆ 75 ವ್ಯಾಟ್ ಸಾಕು. ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುವ ಆರ್‌ಎಕ್ಸ್ 580 ಒಂದೇ 185 ವ್ಯಾಟ್ ಎಳೆಯುತ್ತದೆ. 600 ವಿಎ ಯುಪಿಎಸ್‌ಗಳು ಸಾಮಾನ್ಯವಾಗಿ ತಡೆಯುವುದು 360 ವ್ಯಾಟ್ ಮಾತ್ರ. ಪ್ರೊಸೆಸರ್, ಮಾನಿಟರ್ ಎಲ್ಲ ಅದರೊಳಗೇ ಬರಬೇಕು. ಹಳೆಯ ಕಾರ್ಡನ್ನು ಫೋಟೊ ನೋಡಿ ಕೊಳ್ಳಬೇಡಿ. ಕಣ್ಣೆದುರು ಅರ್ಧ ಗಂಟೆ ಗೇಮ್ ಓಡಿಸಿ, ಬಿಸಿ ಎಷ್ಟೇರುತ್ತದೆ, ಫ್ಯಾನ್ ತಿರುಗುತ್ತದೆಯೇ ನೋಡಿ ದುಡ್ಡು ಕೊಡಿ.

ಬಿಡಿಭಾಗಗಳ ಮೇಲೆ ಶೇಕಡಾ 18 ಜಿಎಸ್‌ಟಿ ಇದೆ. ಬಿಲ್ಲಿಲ್ಲದೆ ಕಡಿಮೆಗೆ ಕೊಡುತ್ತೇನೆ ಎಂದರೆ ಆಸೆ ಹುಟ್ಟುವುದು ಸಹಜ. ಆದರೆ ಜೋಯಿಡಾದ ಹುಡುಗನಿಗೆ ಕೆಟ್ಟ ರ‍್ಯಾಮ್ ಬದಲಿಸಲು ಹುಬ್ಬಳ್ಳಿಗೆ ಹೋಗಿಬರುವುದೆಂದರೆ ಒಂದಿಡೀ ದಿನದ ಮಾತು. ಬಿಲ್ಲೇ ಇಲ್ಲದಿದ್ದರೆ ಆ ದಿನವೂ ದಂಡ. ಪ್ರತಿ ಭಾಗದ ಸೀರಿಯಲ್ ನಂಬರ್ ಬಿಲ್ಲಿನಲ್ಲೇ ಬರೆಸಿಕೊಳ್ಳಿ.

ಅಪ್ಪ-ಅಮ್ಮ ನಿಮ್ಮ ಮೇಲೆ ನಂಬಿಕೆಯಿಟ್ಟು ಕೊಡುವ ದುಡ್ಡಿದು. ಎರಡು ತಿಂಗಳು ತಡವಾದರೂ ಚಿಂತೆಯಿಲ್ಲ, ಎಸ್‌ಎಂಪಿಎಸ್ ಮತ್ತು ಯುಪಿಎಸ್‌ನಲ್ಲಿ ಮಾತ್ರ ಉಳಿತಾಯ ಮಾಡಬೇಡಿ.

ಇಂತಿ,
ನಿಮ್ಮೂರಿನವನೇ ಆದ ಒಬ್ಬ ಅಣ್ಣ