ನಾಲ್ಕು ಕುದುರೆಗಳ ಖರ್ಚು

ಬುಲೆಟ್ 350 ಇಟ್ಟುಕೊಂಡವನಿಗೆ ಬುಲೆಟ್ 500 ಇರುವ ಸ್ನೇಹಿತ ಇರಬಾರದು. ನನಗಿದ್ದಾನೆ. ಏರಿನಲ್ಲಿ ನನ್ನನ್ನು ದಾಟುವಾಗ ಅವನು ಹಾರ್ನ್ ಕೂಡ ಮಾಡುವುದಿಲ್ಲ, ಅದಕ್ಕೂ ನಾನು ಲಾಯಕ್ಕಲ್ಲ ಎಂಬಂತೆ.

ಹಳೆಯ ಎರಕದ ಕಬ್ಬಿಣದ ಇಂಜಿನ್ನುಗಳಲ್ಲಿ ಒಂದು ಪ್ರಲೋಭನೆಯಿದೆ. 350 ಆಗಲಿ 500 ಆಗಲಿ, ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ 90 ಮಿಲಿಮೀಟರೇ. ಬೋರ್ ಮಾತ್ರ ಒಂದರಲ್ಲಿ 70, ಇನ್ನೊಂದರಲ್ಲಿ 84. ಹೈಸ್ಕೂಲಿನ ಪೈ ಆರ್ ಸ್ಕ್ವೇರ್ ಹಿಡಿದು ಕೂತೆ. 346 ಸಿಸಿ ಬಂತು, ಆಮೇಲೆ 499 ಬಂತು. ಗಣಿತದಲ್ಲಿ ಆಯುಷ್ಯವಿಡೀ 35ಕ್ಕೆ ದಡ ಸೇರಿದವನಿಗೆ ಒಂದು ಲೆಕ್ಕ ಸರಿಯಾದರೆ ಎಷ್ಟು ಅಪಾಯ ನೋಡಿ.

ನನ್ನ 350ನ್ನು 500 ಮಾಡಿಕೊಡು ಎಂದಾಗ ಮೆಕ್ಯಾನಿಕ್ ನನ್ನನ್ನು ಮೇಲಿಂದ ಕೆಳಗೆ ಅಳೆದು, “ಇಂಜಿನ್ ಹಾಗೇ ಇರ್ಲಿ ಸಾರ್, ನೀವೇ ಒಂದಿಪ್ಪತ್ತು ಕೆಜಿ ಇಳಿಸಿ. ಪಿಕಪ್ ತಾನಾಗೇ ಬರುತ್ತೆ” ಎಂದ. ಇಂಥ ಅವೈಜ್ಞಾನಿಕ ಸಲಹೆಗೆಲ್ಲ ನಾನು ಕಿವಿಗೊಡುವವನಲ್ಲ. ಜೆ.ಸಿ. ರಸ್ತೆಯಲ್ಲಿ ಬ್ಯಾರೆಲ್ಲು, ಪಿಸ್ಟನ್ನು, ಹೆಡ್ಡು ಹೊತ್ತು ತಂದೆ. ಹೊಸ ಬ್ಯಾರೆಲ್ ಕ್ರ್ಯಾಂಕ್‌ಕೇಸಿನ ಬಾಯಿಗೆ ಹಿಡಿಸಲಿಲ್ಲ. ಲೇಥಿಗೆ ಕೊಟ್ಟು ಬಾಯಿ ಅಗಲ ಮಾಡಿಸಿದ್ದಾಯಿತು. ಕ್ಲಚ್ಚು ತನಗಿಷ್ಟು ಭಾರ ಆಗದೆಂದು ಜಾರಿತು, ಅದಕ್ಕೂ ಹೊಸ ಪ್ಲೇಟು. ಕಾರ್ಬುರೇಟರ್ 24ರದ್ದು ತೆಗೆದು 28ರದ್ದು ಹಾಕಬೇಕು ಎಂದಾಗ ಮಾತ್ರ ನನ್ನೊಳಗಿನ ಗೃಹಸ್ಥ ಎಚ್ಚೆತ್ತು ಹಳೆಯದೇ ಸಾಕೆಂದ. ಪೈಲ್ವಾನನಿಗೆ ಹಸುಗೂಸಿನ ಮೂಗು ಅಂಟಿಸಿದ ಹಾಗಾಯಿತು.

ದುಡ್ಡೆಲ್ಲ ಎಣಿಸಿ ಕೊಟ್ಟಮೇಲೆ ಮನೆಗೆ ಬಂದು ಓದಿದ್ದು: 350ಕ್ಕೆ 18 ಅಶ್ವಶಕ್ತಿ, 500ಕ್ಕೆ 22. ನೂರೈವತ್ತು ಚಿಲ್ಲರೆ ಸಿಸಿಗೆ ನಾಲ್ಕೇ ಕುದುರೆ! ಹೆಂಡತಿಗೆ ಸಿಸಿ ಲೆಕ್ಕ ಹೇಳಿದೆ, ಕುದುರೆ ಲೆಕ್ಕ ಹೇಳಲಿಲ್ಲ. ಆರ್‌ಸಿಯಲ್ಲಿ ಈಗಲೂ 346 ಎಂದೇ ಇದೆಯಲ್ಲ ಎಂದು ಅವಳು ಕೇಳಿದ್ದಕ್ಕೂ ಉತ್ತರವಿರಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಗಾಡಿ ಮಾರ್ಪಾಡಿನ ಕುರಿತ 52ನೇ ಕಲಮನ್ನು ಅವಳು ಮೊಬೈಲಿನಲ್ಲೇ ಗಟ್ಟಿಯಾಗಿ ಓದಿದಳು.

ಮೊದಲ ಬೆಳಿಗ್ಗೆ ಆಂಪಿಯರ್ ಮುಳ್ಳು ನೋಡಿ, ಡಿಕಂಪ್ರೆಸರ್ ಹಿಡಿದು, ಶಾಸ್ತ್ರೋಕ್ತವಾಗಿ ಕಿಕ್ಕರ್ ತುಳಿದೆ. ದೊಡ್ಡ ಪಿಸ್ಟನ್ ವಾಪಸ್ ತುಳಿಯಿತು. ಕುಂಟುತ್ತಲೇ ಹತ್ತಿದೆ. ಕ್ರ್ಯಾಂಕಿನ ತೂಕ ಹಳೆಯ ಹಗುರ ಪಿಸ್ಟನ್ನಿಗೆ ಹೊಂದಿಸಿದ್ದು, ಹೀಗಾಗಿ ಗಾಡಿಯೆಲ್ಲ ಗಡಗಡ. ಕನ್ನಡಿಯಲ್ಲಿ ಒಂದು ಲಾರಿ ನಾಲ್ಕಾಗಿ ಕಾಣುತ್ತಿತ್ತು. ನಂಬರ್ ಪ್ಲೇಟು ಎಲ್ಲೋ ದಾರಿಯಲ್ಲಿ ನನ್ನ ಸಹವಾಸ ಬಿಟ್ಟಿತು.

ಇಷ್ಟೆಲ್ಲ ಆದಮೇಲೂ ಜೋರಾಗಿ ಓಡಿಸುವ ಹಾಗಿಲ್ಲ. ಹೊಸ ಪಿಸ್ಟನ್ನು ಪಳಗುವವರೆಗೆ ನಲವತ್ತೈದು ದಾಟಬಾರದು. ಕಾಲೇಜು ಹುಡುಗಿಯರ ಸ್ಕೂಟಿ, ಹಾಲಿನ ಕ್ಯಾನಿನ ಎಕ್ಸ್‌ಎಲ್, ಕೊನೆಗೆ ತರಕಾರಿ ತುಂಬಿದ ಆಟೋ, ಎಲ್ಲವೂ ನನ್ನ 499 ಸಿಸಿಯನ್ನು ದಾಟಿ ಹೋದವು. ಹೊರಗಿನಿಂದ ನೋಡಿದವರಿಗೆ ಅದೇ ಹಳೇ ಬುಲೆಟ್ಟು, ಅದರ ಮೇಲೆ ಅದೇ ಹಳೇ ನಾನು. ಬೆನ್ನಿಗೆ ಬೋರ್ಡು ಕಟ್ಟಿಕೊಳ್ಳುವುದೊಂದು ಬಾಕಿ.

ಪಳಗಿಸಿ ಮುಗಿದ ಭಾನುವಾರ ಮಂಗಳೂರು ಹೆದ್ದಾರಿ ಹಿಡಿದು ಆಕ್ಸಿಲರೇಟರ್ ತಿರುಗಿಸಿದೆ. ಸ್ನೇಹಿತ ಹಿಂದೆ ಬಿದ್ದ. ಕನ್ನಡಿಯಲ್ಲಿ ಅವನೂ ನಾಲ್ಕಾಗಿ ಕಾಣುತ್ತಿದ್ದ, ನಾಲ್ವರನ್ನೂ ಸೋಲಿಸಿದ ಸುಖ. ಅತ್ತ ಸಣ್ಣ ಕಾರ್ಬುರೇಟರ್ ದೊಡ್ಡ ಸಿಲಿಂಡರಿಗೆ ಹನಿ ಹನಿ ಪೆಟ್ರೋಲು ಉಣಿಸುತ್ತಿತ್ತು. ಇಂಜಿನ್ ಕಾದು, ಪಿಸ್ಟನ್ ಉಬ್ಬಿ, ಕಿರ್ರೆಂದು ಕಚ್ಚಿಕೊಂಡಿತು. ಕ್ಲಚ್ ಹಿಡಿದು ಅಂಚಿಗೆ ಉರುಳಿಸಿ ತಲೆ ಎತ್ತಿದರೆ ಕುಣಿಗಲ್. ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಊರಿಗೇ ಬಂದು ನನ್ನ ನಾಲ್ಕೂ ಕುದುರೆ ಮಲಗಬೇಕೆ! ಸ್ನೇಹಿತ ದಾಟಿ ಹೋದ. ಈ ಸಲ ಹಾರ್ನ್ ಮಾಡಿದ.

ಟಾಟಾ ಏಸ್‌ನಲ್ಲಿ ಬುಲೆಟ್ ಹೇರಿಸಿ ಡ್ರೈವರ್ ಪಕ್ಕ ಕೂತೆ. ಅದರದ್ದು 16 ಅಶ್ವಶಕ್ತಿ. ನನ್ನ ಇಪ್ಪತ್ತೆರಡನ್ನೂ ನನ್ನನ್ನೂ ಬೆನ್ನ ಮೇಲೆ ಹೊತ್ತು ಅದು ತೇಕದೆ ಏರು ಹತ್ತಿತು. ಮೆಕ್ಯಾನಿಕ್‌ಗೆ ಫೋನ್ ಮಾಡಿದೆ.

“ಬೋರ್ ಹೆಂಗೂ ಹಾಳಾಯ್ತಲ್ಲ ಸಾರ್” ಎಂದ, ಬಹಳ ಸಮಾಧಾನದಿಂದ. “87ಕ್ಕೆ ಹೋಗಿಬಿಡೋಣ. 535 ಸಿಸಿ ಆಗುತ್ತೆ.”

ಡ್ರೈವರಿಗೆ ಕೇಳಿಸದ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದು, ಎಷ್ಟಾಗುತ್ತೆ ಎಂದೆ.