ಮಾರ್ಜಾಲಕಿಶೋರ ವಿಯೋಗಕಾಲ ನಿರ್ಣಯ: ಅಕ್ಕಿಹೆಬ್ಬಾಳಿನ ಒಂದು ಅಟ್ಟವನ್ನು ಆಧರಿಸಿ

ಪೀಠಿಕೆ

ಹೇಮಾವತಿ ದಂಡೆಯ ನಮ್ಮೂರಿನ ಹೆಸರಲ್ಲೇ ಅಕ್ಕಿಯಿದೆ. ಅಕ್ಕಿ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು, ಬೆಕ್ಕಿದ್ದಲ್ಲಿ ಮರಿ, ಮರಿ ಇದ್ದಲ್ಲಿ ‘ನಮಗೂ ಒಂದು ಕೊಡಿ’ ಎನ್ನುವ ನೆಂಟರು. ಈ ಸರಪಳಿಯ ಕೊನೆಯ ಕೊಂಡಿಯೇ ಪ್ರಸ್ತುತ ಪ್ರಬಂಧದ ವಸ್ತು: ಮರಿಯನ್ನು ತಾಯಿಯಿಂದ ಬಿಡಿಸುವುದು ಯಾವಾಗ?

ಪೂರ್ವಪಕ್ಷ

ಈ ಕುರಿತು ಮೂರು ಮತಗಳಿವೆ. ಮೊದಲನೆಯದು ನೇತ್ರೋನ್ಮೀಲನ ಮತ: ಕಣ್ಣು ಬಿಟ್ಟರೆ ಸಾಕು, ಕೊಟ್ಟುಬಿಡಿ. ಮರಿ ಕಣ್ಣು ಬಿಡುವುದು 7ರಿಂದ 14 ದಿನದೊಳಗೆ. ಆಗ ಅದಕ್ಕೆ ನೆಟ್ಟಗೆ ನಾಲ್ಕು ಹೆಜ್ಜೆ ಇಡಲೂ ಬಾರದು. ಎರಡನೆಯದು ಬಟ್ಟಲು ಮತ: ಹಾಲು ನೆಕ್ಕಲು ಕಲಿತ ಮರಿ ಸ್ವತಂತ್ರ. ನಾಲ್ಕು ವಾರಕ್ಕೆ ನೆಕ್ಕುತ್ತದೆ, ನಿಜ. ಹಸುವಿನ ಹಾಲು ಹೊಟ್ಟೆಗೆ ಒಗ್ಗದೆ ಮಾರನೆಯ ದಿನ ನೆಂಟರ ಚಾಪೆಯ ಮೇಲೆ ಭಾಷ್ಯವನ್ನೂ ಬರೆಯುತ್ತದೆ. ಮೂರನೆಯದು ರೈಲು ಮತ: ಮೈಸೂರಿನ ಮಗ ಅಕ್ಕಿಹೆಬ್ಬಾಳು ಸ್ಟೇಷನ್ನಿನಲ್ಲಿ ಇಳಿದ ಭಾನುವಾರವೇ ಸರಿಯಾದ ವಯಸ್ಸು.

ಶಾಸ್ತ್ರಾಧಾರ

ನೆರೆಯ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ರಾಮಾನುಜರು ನೆಲೆಸಿದ್ದರು. ಅವರ ತರುವಾಯ ಶ್ರೀವೈಷ್ಣವರು ಎರಡು ಪಂಗಡವಾದರು. ಮರಿಕೋತಿ ತಾಯಿಯನ್ನು ತಾನೇ ಅವಚಿಕೊಳ್ಳುವ ಹಾಗೆ ಭಕ್ತನೂ ಪ್ರಯತ್ನ ಮಾಡಬೇಕೆಂದರು ವಡಗಲೆಯವರು. ಅದು ಮರ್ಕಟಕಿಶೋರ ನ್ಯಾಯ. ಬೆಕ್ಕೇ ಮರಿಯನ್ನು ಕಚ್ಚಿಕೊಂಡು ಹೋಗುವ ಹಾಗೆ ಭಾರವೆಲ್ಲ ದೇವರದು ಎಂದರು ತೆಂಗಲೆಯವರು. ಅದು ಮಾರ್ಜಾರಕಿಶೋರ ನ್ಯಾಯ. ಇಷ್ಟು ಸೂಕ್ಷ್ಮವಾಗಿ ವಾದಿಸಿದವರು ಬೆಕ್ಕು ಮರಿಯನ್ನು ಎಷ್ಟನೇ ವಾರಕ್ಕೆ ಕೆಳಗಿಳಿಸುತ್ತದೆ ಎಂಬುದನ್ನು ಮಾತ್ರ ನಮ್ಮ ಪಾಲಿಗೆ ಬಿಟ್ಟರು.

ಪ್ರಯೋಗ

ಐದನೇ ವಾರ ಒಂದು ಮರಿಯನ್ನು ಗೋಣಿಚೀಲದಲ್ಲಿ ಹಾಕಿ ಹಿಂದಿನ ಬೀದಿಯ ಅತ್ತೆಮನೆಗೆ ಸಾಗಿಸಿದೆ. ಸಂಜೆಯಿಂದ ತಾಯಿ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡಿತು. (ಉಪಮಾನ, ಉಪಮೇಯ ಎರಡೂ ಬೆಕ್ಕೇ ಆದ್ದರಿಂದ ಇಲ್ಲಿ ಅನನ್ವಯಾಲಂಕಾರ.) ಬೆಳಗ್ಗೆ ನೋಡಿದರೆ ಮರಿ ಅಟ್ಟದ ರಾಗಿ ಚೀಲದ ಹಿಂದೆ ಮೊಲೆ ಚೀಪುತ್ತಿದೆ. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎನ್ನುತ್ತಾರೆ. ನಾನು ಹುಡುಕಿಕೊಟ್ಟ ಮನೆ ಲೆಕ್ಕಕ್ಕೆ ಬರಲಿಲ್ಲ.

ಸೋತ ಸಂಶೋಧಕ ವಿದೇಶಕ್ಕೆ ಮೊರೆಹೋಗುವುದು ವಾಡಿಕೆ. ಹೆಲ್ಸಿಂಕಿ ವಿಶ್ವವಿದ್ಯಾಲಯದವರು 2017ರಲ್ಲಿ 5,726 ಬೆಕ್ಕುಗಳ ವಿವರ ಕಲೆಹಾಕಿ ಪ್ರಕಟಿಸಿದರು. 8 ವಾರಕ್ಕೆ ಮೊದಲೇ ತಾಯಿ ಬಿಟ್ಟವು ಮೈಮೇಲೆ ಬೀಳುವುದು ಹೆಚ್ಚು. 14 ವಾರ ಕಾದರೆ ಒಳ್ಳೆಯದು. ಇದನ್ನು ಅಜ್ಜಿಗೆ ಓದಿ ಹೇಳಿದೆ. ಅಕ್ಕಿ ಕೇರುತ್ತಿದ್ದವಳು ಮೊರ ನಿಲ್ಲಿಸಲಿಲ್ಲ.

“ಅದ್ಕೆ ಅಷ್ಟ್ ಬೆಕ್ ಯಾಕ್ಲಾ? ಒಂದ್ ಸಾಕು. ಅವ್ವ ಇಲಿ ತಂದು ಮುಂದಿಕ್ತದೆ. ಮರಿ ಅದ್ನ ಹಿಡ್ಯದ್ ಕಲ್ತ್ ಮ್ಯಾಲೆ ಮೊಲೆಗ್ ಬಂದ್ರೆ ಗುರ್ ಅಂತದೆ. ಆವತ್ತು ಕೊಡು. ಅಲ್ಲೀಗಂಟ ನೆಂಟ್ರು ಕಾಯ್ಲಿ ಬುಡು.”

ಸಿದ್ಧಾಂತ

ಕಾದೆವು. ತಾಯಿ ಅರೆಜೀವದ ಇಲಿಯೊಂದನ್ನು ತಂದು ಕೆಡವಿ, ಬೆನ್ನು ತಿರುಗಿಸಿ ಕೂತಿತು. ಮರಿ ನೆಗೆಯಿತು, ಇಲಿ ಅಕ್ಕಿ ಡಬ್ಬದ ಸಂದಿಗೆ ನುಗ್ಗಿತು. ತಾಯಿ ಕಿವಿಯನ್ನಷ್ಟೇ ಹಿಂದಕ್ಕೆ ಹೊರಳಿಸಿತು. ಮೂರನೇ ಇಲಿಗೆ ಮರಿ ಪಾಸಾಯಿತು. ಅದಾಗಿ ನಾಲ್ಕು ದಿನಕ್ಕೆ ಅಟ್ಟದಿಂದ ಗುರ್ ಎಂಬ ಸದ್ದು, ಹಿಂದೆಯೇ ಒಂದು ಏಟು. ಕ್ಯಾಲೆಂಡರ್ ನೋಡಿದೆ: ಹದಿಮೂರನೇ ವಾರ. ಹೆಲ್ಸಿಂಕಿಗೂ ಅಟ್ಟಕ್ಕೂ ಒಂದೇ ವಾರದ ಅಂತರ.

ಅತ್ತೆ ಬುಟ್ಟಿ ತಂದು ಮರಿಯನ್ನು ಒಯ್ದರು. ತಾಯಿ ಚೀಲದ ಹಿಂದೆ ಒಮ್ಮೆ ಮೂಸಿ, ಸುರುಳಿ ಸುತ್ತಿಕೊಂಡು ಮಲಗಿತು.

ಅನುಬಂಧ

ಆ ರಾತ್ರಿ ಅಟ್ಟದ ಏಣಿಯ ಬುಡದಲ್ಲಿ ಯಾರೋ ಮೆಲ್ಲಗೆ “ಪುಸ್ ಪುಸ್” ಎಂದು ಕರೆಯುತ್ತಿದ್ದರು. ಇಣುಕಿದೆ: ಅಜ್ಜಿ, ಕೈಯಲ್ಲಿ ಖಾಲಿ ಬಟ್ಟಲು. ಮರ್ಕಟಕಿಶೋರ ನ್ಯಾಯಕ್ಕೆ ನಮ್ಮ ಮನೆಯಲ್ಲೂ ಒಂದು ದೃಷ್ಟಾಂತ ಸಿಕ್ಕಿತು.